ಮುತ್ತಿಯ ದಪ್ಪ ದನಿ

ಬೆಳಕು ಹರಿಯುತ್ತಿದೆ, ತೋಟದ ಹಾಜರಿ ಗಂಟೆ ಇನ್ನೂ ಬಡಿದಿಲ್ಲ. ಕೂಲಿಗಳ ಸಾಲುಮನೆ ಲೈನಿನ ಹಿತ್ತಿಲಲ್ಲಿ ಸೂಲಗಿತ್ತಿ ಮುತ್ತಿ ಎರಡು ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದಾಳೆ. ಕಣ್ಣು ಮಾತ್ರ ಬಾಣಂತಿ ಚಿಕ್ಕಿಯ ಗಲ್ಲದ ಮೇಲೆ. ಬೆರಳಾಡಿಸಿ ನೋಡಿ, "ಉದುರ್ತಾ ಉಂಟು ಮಗಳೇ," ಎನ್ನುತ್ತಾಳೆ. ಉದುರುತ್ತಿರುವುದು ಗಡ್ಡ.

ನೆಲ್ಯಹುದಿಕೇರಿ ಸುತ್ತಿನ ತೋಟಗಳಿಗೆ ಇಪ್ಪತ್ತಾರು ವರ್ಷದಿಂದ ಮುತ್ತಿಯೇ ಸೂಲಗಿತ್ತಿ. ತಿಂಗಳಿಗೆ ಎರಡೋ ಮೂರೋ ಹೆರಿಗೆ. ಅದರ ಮಧ್ಯೆ ಕಾಫಿ ಹಣ್ಣಿನ ಪಿಕ್ಕಿಂಗ್ ತಪ್ಪಿಸುವಂತಿಲ್ಲ. ದೊರೆಯ ಬಂಗಲೆಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ.

ಚಿಕ್ಕಿಯ ಕತೆ ಶುರುವಾದದ್ದು ಹಾಜರಿಯಲ್ಲೇ. ಆಗ ಅವಳು ಆರು ತಿಂಗಳ ಬಸುರಿ. ಹಾಜರಿ ಬರೆಯುವ ರೈಟರ್ ಬೊಳ್ಳಪ್ಪನವರು ಅವಳ ಹೆಸರು ಕೂಗಿದರೆ ಗಂಡುದನಿಯೊಂದು ಓಗೊಟ್ಟಿತು. "ಹೆಂಡ್ತಿ ಹಾಜರಿ ನೀನ್ಯಾಕೋ ಹೇಳೋದು?" ಎಂದು ಅವರು ಗಂಡ ಕಾಳನನ್ನು ಗದರಿದರು. ಓಗೊಟ್ಟದ್ದು ಚಿಕ್ಕಿಯೇ ಎಂದು ತಿಳಿದು ಲೈನಿಗೆ ಲೈನೇ ನಕ್ಕಿತು. ಗಲ್ಲದಲ್ಲಿ ಕೂದಲು ಕಂಡಮೇಲೆ ನಗು ನಿಂತಿತು. ಈ ಮೂವತ್ತೆಂಟನೇ ಇಸವಿಯಲ್ಲೂ ಕೆಮ್ಮಿಗೂ ದೆವ್ವವನ್ನೇ ದೂರುವ ಜನ ಇವರು. "ಗಂಡು ದೆವ್ವ ಹೊಕ್ಕಿದೆ, ತವರಿಗೆ ಬಿಟ್ಟು ಬಾ," ಎಂದು ಅತ್ತೆ ಸಿದ್ದಿ ಹಟ ಹಿಡಿದಳು. ಹಾಗೆ ಬಿಟ್ಟುಬಂದವಳನ್ನು ಮತ್ತೆ ಯಾರೂ ಕರೆತರುವುದಿಲ್ಲ.

ಮುತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಬಲಗಡೆ ಕಿತ್ತಳೆ ಗಾತ್ರದ ಗಡ್ಡೆ. ಎತ್ತಿನ ಗಾಡಿ ಹೂಡಿಸಿ ಆಸ್ಪತ್ರೆಗೆ ಕರೆದೊಯ್ದಳು. ಅಂಡಾಶಯದ ಈ ಗಡ್ಡೆಯೇ ಗಂಡಸಿನ ಹಾರ್ಮೋನು ಸುರಿಸುತ್ತಿರಬೇಕು, ಕೆಟ್ಟ ಗಡ್ಡೆಯಂತೆ ಕಾಣದು, ಹೆತ್ತಮೇಲೆ ತಾನೇ ಇಂಗಬಹುದು, ಕಾಯೋಣ ಎಂದರು ಡಾಕ್ಟರು.

"ಡಾಕ್ಟ್ರು ಏನೇನೋ ಹೆಸರು ಹೇಳಿದ್ರು. ನಂಗೆ ಹೆಸರು ಯಾಕೆ? ನಾನೇ ಅದನ್ನ ಹೊತ್ತವಳಲ್ವಾ," ಎನ್ನುತ್ತಾಳೆ ಮುತ್ತಿ. ಮೂವತ್ತು ವರ್ಷದ ಹಿಂದೆ ಬಸುರಿನಲ್ಲಿ ಅವಳಿಗೂ ಗಡ್ಡ ಬಂದಿತ್ತು. ಗಂಡನ ಮನೆಯವರು ಹೊರಗಟ್ಟಿದರು. ಹೆತ್ತಮೇಲೆ ಗಡ್ಡ ಹೋಯಿತು, ದನಿ ದಪ್ಪವಾಗಿಯೇ ಉಳಿಯಿತು. ಕರೆಯಲು ಮಾತ್ರ ಯಾರೂ ಬರಲಿಲ್ಲ. ಚಿಕ್ಕಿಯನ್ನು ಆಸ್ಪತ್ರೆಯಿಂದ ಕರೆತಂದವಳೇ ಮುತ್ತಿ ಸಿದ್ದಿಯ ಬಾಗಿಲಲ್ಲಿ ಕೂತು ಅದಷ್ಟನ್ನೂ ಹೇಳಿದಳು. "ನಂಗೂ ದೆವ್ವ ಅಂದಿದ್ರು. ನಿನ್ನ ಕಾಳನ್ನ ಹೆರಿಸಿದ್ದು ಈ ದೆವ್ವವೇ ಅಲ್ವಾ ಸಿದ್ದಿ?"

ಸಿದ್ದಿ ಮತ್ತೆ ತವರಿನ ಮಾತೆತ್ತಲಿಲ್ಲ. ಈಗ ಬಾಣಂತಿಗೆ ಹಂಡೆ ಕಾಯಿಸುವವಳೂ ಅವಳೇ. ಗಡ್ಡೆ ಮುತ್ತಿಯ ಬೆರಳಿಗೆ ಸಿಗುತ್ತಿಲ್ಲ. ಚಿಕ್ಕಿಯ ದನಿ ಮಾತ್ರ ಇನ್ನೂ ತಿಳಿಯಾಗಿಲ್ಲ.

ಅದು ಹಾಗೇ ಉಳಿದರೆ? ಮುತ್ತಿಗೆ ಚಿಂತೆಯಿಲ್ಲ. "ಉಳೀಲಿ. ಹೆರುವವಳು ಕಿರುಚುವಾಗ ಅದರ ಮೇಲೆ 'ಹೆದರ್ಬೇಡ' ಅನ್ನೋದು ಕೇಳ್ಬೇಕಲ್ಲ, ಅದಕ್ಕೆ ಇಂಥಾ ದನಿಯೇ ಬೇಕು. ನಂಗೆ ವಯಸ್ಸಾಯ್ತು. ಇವಳಿಗೆ ಕಲಿಸ್ತೇನೆ."