ಕಂಪನಿ ಈಗ ಯಾರದು?

ಅಮೆರಿಕದ ಅಲ್ಫರೆಟಾದಲ್ಲಿ ಎಲೆ ಉದುರುವ ಕಾಲ ಬಂದರೆ ನಮ್ಮ ಬೀದಿಯ ತುಂಬ ಎಲೆ ಊದುವ ಯಂತ್ರಗಳ ಗದ್ದಲ. ಎಲ್ಲರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ, ನಾನು ಮಾತ್ರ ಬಾಗಿಲು ತೆರೆದು ಹೊರಗೆ ಬಂದು ನಿಲ್ಲುತ್ತೇನೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟಾಗ ಬರುವ ಆ ನೀಲಿ ಹೊಗೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು, ನನಗೆ ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆಯ ವಾಸನೆ. ಬೇರೆಯವರ ಅಜ್ಜಿಯರ ಸೀರೆಯಲ್ಲಿ ಮಲ್ಲಿಗೆಯ ಘಮ ಇರುತ್ತಿತ್ತಂತೆ. ನಮ್ಮಜ್ಜಿಯ ಸೀರೆಯಲ್ಲಿ ಬೈಕಿನ ಹೊಗೆ ಇರುತ್ತಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಬೈಕು ಮಲಗುತ್ತಿದ್ದದ್ದು ನಡುಮನೆಯಲ್ಲಿ. ಬೆಳಿಗ್ಗೆ ತಾತ ಅದನ್ನು ಅಲ್ಲೇ ಶುರುಮಾಡಿ, ಹೊಗೆಯೆಲ್ಲ ಅಡುಗೆಮನೆಗೂ ದೇವರ ಕೋಣೆಗೂ ಹಂಚಿ, ಆಮೇಲೆ ಹೊಸಿಲು ದಾಟಿಸುತ್ತಿದ್ದ. ಅಜ್ಜಿ ಕೆಮ್ಮುತ್ತಲೇ ಕಾಫಿ ಸೋಸುತ್ತಿದ್ದಳು, ಒಂದು ದಿನವೂ ಗೊಣಗಿದವಳಲ್ಲ.

ಆ ಬೈಕು ಹುಟ್ಟಿದ್ದು ಚೆಕ್ ದೇಶದಲ್ಲಿ. ಆದರೆ ತಯಾರಾಗುತ್ತಿದ್ದದ್ದು ನಮ್ಮ ಮೈಸೂರಿನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಕಾರ್ಖಾನೆಯಲ್ಲಿ. ಹೆಸರು ಹೇಳುವುದಿಲ್ಲ, ಹಳೆಯ ಮೈಸೂರಿನವರಿಗೆ ಹೇಳಬೇಕಾದದ್ದೂ ಇಲ್ಲ. ತಾತ ಅಲ್ಲಿ ಕೆಲಸಕ್ಕಿದ್ದ, ಅವನ ನಂತರ ನನ್ನ ತಂದೆ. ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಕೂಡುಕುಟುಂಬದಲ್ಲಿ ಚಿಕ್ಕಪ್ಪಂದಿರೆಲ್ಲ ಅಣ್ಣ ಅಣ್ಣ ಅನ್ನುತ್ತಿದ್ದರೆ ಮಕ್ಕಳ ಬಾಯಿಗೂ ಅದೇ ಬರುತ್ತದಲ್ಲ, ಹಾಗೆ. ಅಣ್ಣನಿಗೆ ಕೆಲಸ, ತಯಾರಾದ ಬೈಕುಗಳನ್ನು ಲಾರಿಗೆ ಹತ್ತಿಸಿ ಊರೂರಿಗೆ ಕಳಿಸುವ ವಿಭಾಗದಲ್ಲಿ. ದೇಶಕ್ಕೆಲ್ಲ ಬೈಕು ಕಳಿಸಿದ ಈ ಮಹಾನುಭಾವನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ. ಒಮ್ಮೆ ಕಲಿಯಲು ಹೋಗಿ ಎದುರು ಮನೆಯ ಸಂಪಿಗೆ ಮರಕ್ಕೆ ಗುದ್ದಿದ ಮೇಲೆ ತಾತನ ಹಿಂದೆ ಕೂತೇ ಕೆಲಸಕ್ಕೆ ಹೋಗುತ್ತಿದ್ದ. ಕಾರ್ಖಾನೆಯ ಕೂಗು ಕೇಳಿದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಬಹಳ ಕಾಲ ನಿಂತೇ ಇತ್ತು, ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಚೆಕ್ ದೇಶವೆಂಬುದು ಶ್ರೀರಂಗಪಟ್ಟಣದ ಆಚೆಗೆ ಎಲ್ಲೋ ಇರಬೇಕೆಂದು ನಾನು ತಿಳಿದಿದ್ದೆ. ನಾನು ಶಾಲೆಗೆ ಸೇರುವ ಹೊತ್ತಿಗೆ ವಿದೇಶದವರ ಜೊತೆಗಿನ ಒಪ್ಪಂದ ಮುಗಿದು ಬೈಕಿನ ಹೆಸರೇ ಬದಲಾಗಿತ್ತು. ತಾತ ಮಾತ್ರ ಹಳೆಯ ಹೆಸರೇ ಹೇಳುತ್ತಿದ್ದ, ಅಣ್ಣ ಹೊಸದು ಹೇಳುತ್ತಿದ್ದ. ಒಂದೇ ಬೈಕಿಗೆ ಎರಡು ಹೆಸರು ಯಾಕೆಂದು ಕೇಳಿದರೆ ಇಬ್ಬರೂ ಗದರುತ್ತಿದ್ದರು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ಬೈಕಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ಎತ್ತಿದ ಮೇಲೆ ಅಜ್ಜಿ ಕೈಯಲ್ಲಿ ಅಕ್ಷತೆ ಹಿಡಿದು ಕಾರ್ಖಾನೆಯ ಧಣಿಯ ಹೆಸರು ಹೇಳಿ "ಅವರ ಮನೆ ತಣ್ಣಗಿರ್ಲಿ, ನಮ್ಮನೆ ಒಲೆ ಉರೀಲಿ" ಎಂದು ಬೈಕಿನ ಮೇಲೆ ಹಾಕುತ್ತಿದ್ದಳು. ಆಮೇಲೇ ನಿಂಬೆಹಣ್ಣಿನ ಮೇಲೆ ಚಕ್ರ ಹರಿಯಬೇಕು. ಆ ಧಣಿಯನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ನಾನು ಕಾಲೇಜಿನಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಆಗ ತಾತ ಇರಲಿಲ್ಲ, ಅಣ್ಣನಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಆ ವರ್ಷದ ಹಬ್ಬದಲ್ಲಿ ಅಜ್ಜಿ ಅಕ್ಷತೆ ಹಿಡಿದು "ಧಣಿ ಯಾರೋ ಈಗ?" ಎಂದು ಅಣ್ಣನನ್ನು ಕೇಳಿದಳು. ಅಣ್ಣ ತಲೆ ತಗ್ಗಿಸಿದ. ಅವಳು ಹಳೆಯ ಹೆಸರನ್ನೇ ಹೇಳಿ ಅಕ್ಷತೆ ಹಾಕಿದಳು.

ಅಜ್ಜಿ ಹೋದಳು, ಆಮೇಲೆ ಅಮ್ಮ. ಚಿಕ್ಕಪ್ಪಂದಿರು ಬೇರೆಯಾದ ಮೇಲೆ ಮನೆಯನ್ನು ಮಾರಿದರು. ಅಣ್ಣನನ್ನು ನಾನು ಅಲ್ಫರೆಟಾಗೆ ಕರೆಸಿಕೊಂಡೆ. ಬಂದ ಕೆಲವೇ ತಿಂಗಳಿಗೆ ಕೊರೊನಾ ಬಂದು ಎಲ್ಲರೂ ಒಳಗೆ ಕೂತೆವು. ಅಣ್ಣನಿಗೆ ಕಿಟಕಿಯೇ ಲೋಕ. ನಮ್ಮ ಓಣಿಯ ಕಾರುಗಳನ್ನು ನೋಡುತ್ತ ಅವು ಯಾರ ಕಂಪನಿಯವೆಂದು ನನ್ನ ಮಗಳು ಅನಿಕಾಳನ್ನು ಕೇಳುವುದು ಅವನ ದಿನಚರಿಯಾಯಿತು. ನನ್ನ ಗಂಡನ ಕಾರಿನ ಹೆಸರು ಇಂಗ್ಲಿಷರದು, ಯಜಮಾನರು ಭಾರತದವರು. ಮೂಲೆಮನೆಯವರ ಸ್ವೀಡನ್ ಕಾರು ಈಗ ಚೀನಾದವರದು. ಇನ್ನೊಂದು ಇಂಗ್ಲಿಷ್ ಕಾರು ಜರ್ಮನಿಯವರದು. ಅಣ್ಣ ಕೇಳಿ ಕೇಳಿ ತಬ್ಬಿಬ್ಬಾಗುತ್ತಿದ್ದ. "ಹಾಗಾದ್ರೆ ಹೆಸರು ಹಾಕಿರೋದು ಸುಳ್ಳಾ?" ಎಂದು ಕೇಳಿದರೆ ಅನಿಕಾ "ನೋ, ಜಸ್ಟ್ ಬ್ರ್ಯಾಂಡ್" ಅನ್ನುತ್ತಿದ್ದಳು. ಅಷ್ಟರಿಂದ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ.

ಕೊರೊನಾ ಇಳಿದು ನಾನು ಮತ್ತೆ ಆಫೀಸಿಗೆ ಹೋಗತೊಡಗಿದ್ದೆ. ಹೀಗಿರುವಾಗ ಒಂದು ದಿನ ಅವನ ಫೋನಿನಲ್ಲಿ ಒಂದು ವಿಡಿಯೋ ಬಂತು. ನಮ್ಮ ಬೈಕು ಮತ್ತೆ ಬಂದಿದೆ, ಅದೇ ಹಳೆಯ ಹೆಸರು, ಅದೇ ಮೈಕಟ್ಟು. ಅಣ್ಣ ಅದನ್ನು ಎಷ್ಟು ಸಲ ನೋಡಿದನೋ. ಕೊನೆಗೆ ಅಡುಗೆಮನೆಗೆ ಬಂದು, "ಪುಟ್ಟಿ, ಕಂಪನಿ ಮತ್ತೆ ಶುರುವಾಗಿದೆ ಕಣೆ. ದಸರಾ ಆದ್ಮೇಲೆ ನಂಗೊಂದು ಟಿಕೆಟ್ ಬುಕ್ ಮಾಡು. ಲೋಡಿಂಗ್ ಗೊತ್ತಿರೋ ಹಳಬರು ಬೇಕಾಗ್ತಾರೆ ಅವರಿಗೆ" ಅಂದ. ಎಪ್ಪತ್ತು ದಾಟಿದ ಮನುಷ್ಯ. ಮಾರನೆಯ ದಿನವೇ ಸೂಟ್‌ಕೇಸ್ ತುಂಬಿಸಲು ಕೂತ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆ ಕಂಪನಿ ಬೇರೆಯವರದು, ಹೆಸರು ಮಾತ್ರ ಪಡೆದಿದ್ದಾರೆ, ತಯಾರಾಗುವುದು ಯಾವುದೋ ದೂರದ ರಾಜ್ಯದಲ್ಲಿ, ನಮ್ಮ ಕಾರ್ಖಾನೆಯ ಗೇಟು ತೆರೆದಿಲ್ಲ, ಇದೆಲ್ಲ ನನಗೆ ಗೊತ್ತಿತ್ತು. ಹೇಳಿದರೆ ಮನುಷ್ಯ ಕುಸಿದು ಹೋಗುತ್ತಾನೆ, ಹೇಳದಿದ್ದರೆ ಹೊರಟೇಬಿಡುತ್ತಾನೆ. ಅಲ್ಲಿ ಇಳಿದು ಹೋಗುವುದಾದರೂ ಎಲ್ಲಿಗೆ? ಮನೆಯೂ ಇಲ್ಲ. ಹೇಗೆ ಹೇಳಬೇಕೆಂದು ಆಫೀಸಿಗೆ ಹೋಗುವ ದಾರಿಯಲ್ಲಿ, ಫೋರ್ ಹಂಡ್ರೆಡ್ ಹೈವೇಯ ಟ್ರಾಫಿಕ್ಕಿನಲ್ಲಿ ಕೂತು ದಿನಾ ಮಾತು ಜೋಡಿಸುತ್ತಿದ್ದೆ. ಮನೆಗೆ ಬಂದರೆ ಬಾಯಿ ಬರುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆ ನಮ್ಮ ಡ್ರೈವ್‌ವೇಯಲ್ಲೇ ಆಯಿತು. ಇಂಡಿಯನ್ ಸ್ಟೋರಿನ ಚೆಂಡುಹೂವು, ನಿಂಬೆಹಣ್ಣು, ಅಣ್ಣನ ಪಂಚೆ. ಎದುರು ಮನೆಯ ಡೇಲ್, ರಿಟೈರ್ ಆದ ಅಮೆರಿಕದವರು, ನೋಡಲು ಬಂದರು. ವಾಹನಗಳಿಗೆ ಪೂಜೆ ಎಂದು ಅನಿಕಾ ವಿವರಿಸಿದ್ದೇ ತಡ, ಒಂದು ನಿಮಿಷ ಎಂದು ತಮ್ಮ ಗ್ಯಾರೇಜಿಗೆ ಹೋಗಿ, ಹಳೆಯದೊಂದು ಬೈಕನ್ನು ತಳ್ಳಿಕೊಂಡು ಬಂದರು. ಕಡುಗೆಂಪು ಟ್ಯಾಂಕು, ಅದರ ಎರಡೂ ಬದಿಗೆ ಕನ್ನಡಿಯಂಥ ಹೊಳಪು. ಅಣ್ಣ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅದರ ಹತ್ತಿರ ಹೋದ. ಟ್ಯಾಂಕಿನ ಮೇಲೆ ಕೈಯಿಟ್ಟ.

"ಇದು ನಮ್ ಫ್ಯಾಕ್ಟರೀದು. ಕೇಳೆ ಅನಿಕಾ, ಎಲ್ಲಿಂದ ತಗೊಂಡ್ರಂತೆ?"

ಡೇಲ್ ನಕ್ಕು, ಇಲ್ಲ, ಇದು ಚೆಕ್ ದೇಶದ್ದು, ತಮ್ಮ ತಂದೆ ಇಲ್ಲೇ ಕೊಂಡದ್ದು ಅಂದರು. ಮೈಸೂರಿನ ಹೆಸರನ್ನೇ ಅವರು ಕೇಳಿರಲಿಲ್ಲ. ಅನಿಕಾ ಅದನ್ನು ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. ಅಣ್ಣ ಒಮ್ಮೆ ಬೈಕನ್ನು, ಒಮ್ಮೆ ಡೇಲ್ ಅವರನ್ನು ನೋಡಿದ. "ಹಾಗಾದ್ರೆ ನಮ್ದು ಯಾವ್ದು?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದ. ಅವನ ಮುಖ ನೋಡಲಾರದೆ ನಾನು ಕರ್ಪೂರ ಹುಡುಕುವ ನೆಪ ಮಾಡಿದೆ. ಆರತಿಯಾಯಿತು. ಅಕ್ಷತೆ ಹಿಡಿದ ಅಣ್ಣನ ಕೈ ಗಾಳಿಯಲ್ಲೇ ನಿಂತಿತು.

"ಧಣಿ ಅಂತ ಯಾರ ಹೆಸರು ಹೇಳ್ಲಿ, ಪುಟ್ಟಿ?"

ಅನಿಕಾ ಫೋನಿನಲ್ಲಿ ಹುಡುಕಿದಳು. ಆ ಹೆಸರು ಚೆಕ್ ದೇಶದಲ್ಲಿ ಒಬ್ಬರದು, ಭಾರತದಲ್ಲಿ ಇನ್ನೊಬ್ಬರದು, ಮಧ್ಯೆ ಏನೇನೋ ಒಪ್ಪಂದಗಳು. ಅವಳು ಓದುತ್ತ ಓದುತ್ತ "ಇಟ್ಸ್ ಕಾಂಪ್ಲಿಕೇಟೆಡ್" ಎಂದು ಕೈಚೆಲ್ಲಿದಳು. ಅಣ್ಣ "ಯಾರೋ ಒಬ್ರು, ಅವರ ಮನೆ ತಣ್ಣಗಿರ್ಲಿ" ಎಂದು ಅಕ್ಷತೆ ಹಾಕಿದ. ಡೇಲ್ ತಮ್ಮ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ನಿಂತ. ಟಿಕೆಟ್ ಬುಕ್ ಮಾಡಿದ್ಯಾ ಎಂದು ಕೇಳಿದ. ಇಲ್ಲ ಅಂದೆ. ಇನ್ನು ಹೇಳಲೇಬೇಕೆಂದು, ಆ ಕಂಪನಿ ಬೇರೆಯವರದು ಅಣ್ಣ, ಎಂದು ಶುರುಮಾಡಿದೆ. ಅವನು ನನ್ನ ಮಾತನ್ನು ಅಲ್ಲಿಗೇ ತಡೆದ.

"ಗೊತ್ತು ಕಣೆ. ಅಲ್ಲಿಂದ ಯಾರೂ ನನ್ನ ಬಾ ಅಂದಿಲ್ಲ. ಇಲ್ಲೂ ಯಾರೂ ಇರು ಅನ್ಲಿಲ್ಲ. ಅದಕ್ಕೇ ಹೊರಟೆ."

ನಲ್ಲಿ ಹರಿಯುತ್ತಲೇ ಇತ್ತು. ಕಂಪನಿಯ ವಿಚಾರ ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದರೆ, ಅವನು ಕಾಯುತ್ತಿದ್ದದ್ದು ಬೇರೆಯೇ ಒಂದು ಮಾತಿಗೆ. "ಇಲ್ಲೇ ಇರಣ್ಣ" ಅಂದೆ. ಅಳು ಬಂತು. ಅಣ್ಣ "ಸರಿ ಬಿಡು" ಎಂದು ಒಗೆದಿಟ್ಟ ಬಟ್ಟೆ ತೆಗೆದುಕೊಂಡು ತೊಳೆದ ಪಾತ್ರೆಗಳನ್ನು ಒರೆಸತೊಡಗಿದ. ಕಂಪನಿ ಬೇರೆಯವರದೆಂದು ಅವನಿಗೆ ಮೊದಲಿನಿಂದಲೂ ತಿಳಿದಿತ್ತೋ, ಅಥವಾ ಡೇಲ್ ಅವರ ಬೈಕಿನ ಮುಂದೆ ನಿಂತಾಗ ತಿಳಿಯಿತೋ, ಆಮೇಲೆ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ. ಸೂಟ್‌ಕೇಸಿನ ಬಟ್ಟೆಗಳು ಮತ್ತೆ ಕಪಾಟಿಗೆ ಹೋದವು. ಅಣ್ಣ ಎರಡು ಚಳಿಗಾಲ ನಮ್ಮೊಂದಿಗಿದ್ದು, ಒಂದು ಬೆಳಿಗ್ಗೆ ಕಾಫಿಗೆ ಕೂಗಿದರೆ ಏಳಲಿಲ್ಲ.

ಈಚೆಗೆ ಫೋನಿನಲ್ಲಿ ಒಂದು ಸುದ್ದಿ ನೋಡಿದೆ. ಆಸ್ಟ್ರಿಯಾದ ಹೆಸರಾಂತ ಬೈಕ್ ಕಂಪನಿಯೊಂದು ಕಷ್ಟಕ್ಕೆ ಸಿಕ್ಕಿ, ಕೊನೆಗೆ ಭಾರತದವರ ಕೈಗೆ ಬಂದಿದೆಯಂತೆ. ಓದಿ ಮುಗಿಸುವ ಮೊದಲೇ "ಅಣ್ಣಾ, ಇಲ್ಕೇಳು ಇದೊಂದು" ಎಂದು ಕೂಗಿಬಿಟ್ಟೆ. ಮಹಡಿಯ ಮೇಲಿಂದ ಅನಿಕಾ "ವಾಟ್, ಅಮ್ಮ?" ಅಂದಳು. ಏನಿಲ್ಲ ಅಂದೆ.