‘ಇಲ್ಲ’ ಎನ್ನದ ಲ್ಯಾಬ್ ಅಕ್ಕ

ಬೆಳಗಿನ ಐದೂವರೆ. ನಾಲ್ಕು ವರ್ಷದ ಹುಡುಗಿಯೊಬ್ಬಳ ಮೂಗಿನಿಂದ ಹೊಟ್ಟೆಗೆ ನರ್ಸ್ ಸಣ್ಣ ನಳಿಕೆ ಇಳಿಸುತ್ತಿದ್ದಾರೆ. ಪಕ್ಕದಲ್ಲಿ ಬಾಟಲಿ ಹಿಡಿದು ನಿಂತವರು ಲ್ಯಾಬ್ ಅಕ್ಕ. ಈ ಹಿರಿಯ ತಂತ್ರಜ್ಞೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಮಗು ಕಿರುಚುತ್ತದೆ, ಒದೆಯುತ್ತದೆ. ಅಕ್ಕ ಆಕಳಿಕೆ ನುಂಗಿಕೊಳ್ಳುತ್ತಾರೆ.

ಕ್ಷಯ ಪತ್ತೆಗೆ ಕಫ ಬೇಕು. ದೊಡ್ಡವರು ಕ್ಯಾಕರಿಸಿ ಕೊಡುತ್ತಾರೆ, ಮಕ್ಕಳು ನುಂಗಿಬಿಡುತ್ತಾರೆ. ನುಂಗಿದ್ದನ್ನು ಏಳುತ್ತಲೇ ಖಾಲಿ ಹೊಟ್ಟೆಯಿಂದ ತೆಗೆಯಬೇಕು. ಕರುಳು ಕೇಳದ ತಾಯಿ ಕದ್ದುಮುಚ್ಚಿ ಏನಾದರೂ ತಿನ್ನಿಸಿದಳೋ, ಅವತ್ತಿನ ಕೆಲಸ ನೀರುಪಾಲು. “ಬಾಟಲಿ ನೋಡಿದ್ರೆ ಸಾಕು, ಯಾವ ಬಿಸ್ಕತ್ತು ಅಂತ ಹೇಳ್ತೀನಿ” ಅನ್ನುತ್ತಾರೆ ಅಕ್ಕ.

ದಿನಕ್ಕೆ ಹನ್ನೆರಡು ಮಾದರಿ. ರೋಗಾಣು ಹುಡುಕುವ ಯಂತ್ರಕ್ಕೆ ನಾಲ್ಕೇ ಬಾಯಿ, ಒಮ್ಮೆಗೆ ನಾಲ್ಕೇ ಮಾದರಿ. ಹಿಂದೆ ವಾರಗಟ್ಟಲೆ ಕಾಯಿಸುತ್ತಿದ್ದ ಉತ್ತರ ಈಗ ಎರಡು ಗಂಟೆಯೊಳಗೆ ಬರುತ್ತದೆ. ಆದರೆ ಮಕ್ಕಳಲ್ಲಿ ರೋಗಾಣು ತೀರಾ ಕಡಿಮೆ. ರೋಗವಿದ್ದೂ ಯಂತ್ರಕ್ಕೆ ಸಿಗದೆ ಹೋಗಬಹುದು. ಆರು ವರ್ಷದ ಹಿಂದೆ, ಮಗುವಿಗೆ ಕ್ಷಯವಿದೆಯೇ ಎಂದು ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದ ಅಪ್ಪನೊಬ್ಬನಿಗೆ ಅಕ್ಕ ನಡೆಯುತ್ತಲೇ “ಇಲ್ಲ” ಅಂದರು. ಆತ ಡಾಕ್ಟರನ್ನೂ ಕಾಣದೆ ಮಗುವನ್ನು ಎತ್ತಿಕೊಂಡು ಹೊರಟುಹೋದ. ಎರಡು ತಿಂಗಳ ಮೇಲೆ ಮರಳಿ ತಂದಾಗ ರೋಗ ಮಿದುಳಿಗೆ ಏರಿತ್ತು. ಮಗು ಉಳಿಯಲಿಲ್ಲ.

ಅಂದಿನಿಂದ ಯಾರು ಕೇಳಿದರೂ ಅವರು ಆ ಪದ ಆಡುವುದಿಲ್ಲ. “ಸಿಗಲಿಲ್ಲ ಅಂತೀನಿ. ಸಿಗಲಿಲ್ಲ ಅಂದ್ರೆ ಜನ ಇನ್ನೂ ಹುಡುಕ್ತಾರೆ.”

ಇಂದು ನಳಿಕೆ ಇಳಿಸಿದ ಈ ಹುಡುಗಿಯಲ್ಲಿ ಹಿಂದಿನ ಎರಡು ಸಲವೂ ರೋಗಾಣು ಸಿಕ್ಕಿಲ್ಲ. ಜ್ವರ ಬಿಟ್ಟಿಲ್ಲ, ತೂಕ ಇಳಿಯುತ್ತಲೇ ಇದೆ. ವರದಿಗೆ ಕಾಯದೆ ಔಷಧಿ ಶುರು ಮಾಡೋಣ ಎಂದು ಡಾಕ್ಟರು ಹೇಳಿದರೂ ತಾಯಿ ಒಪ್ಪಿಲ್ಲ. ಕಾಣದ ರೋಗಕ್ಕೆ ಆರು ತಿಂಗಳ ಮಾತ್ರೆ ಯಾಕೆ ಎಂಬುದು ಅವಳ ಪ್ರಶ್ನೆ. ನಿನ್ನೆ ಗಂಟುಮೂಟೆ ಕಟ್ಟಿದ್ದವಳನ್ನು ಇನ್ನೊಂದೇ ಸಲ ಎಂದು ಗೋಗರೆದು ನಿಲ್ಲಿಸಿದವರು ಅಕ್ಕ. ಇಂದೂ ಸಿಗದಿದ್ದರೆ ಅವಳು ಹೊರಡುವವಳೇ.

ಎಂಟೂಕಾಲಿಗೆ ಪರದೆಯ ಮೇಲೆ ಉತ್ತರ ಮೂಡುತ್ತದೆ. ಅತಿ ಕಡಿಮೆ, ಆದರೂ ಸಿಕ್ಕಿದೆ. ಅಕ್ಕ ಅದನ್ನು ಇನ್ನೊಮ್ಮೆ ಓದಿ ಬರೆದುಕೊಳ್ಳುತ್ತಾರೆ. ಮಗುವಿಗೆ ಕ್ಷಯ ಎಂದು ತಿಳಿದು ಖುಷಿಪಡುವುದು ಅವರಿಗೇ ಮುಜುಗರ. ಆದರೂ ಖುಷಿಯಾಗಿದೆ. ಡಾಕ್ಟರಿಗೆ ಫೋನ್ ಮಾಡಿ, ಅವರೊಂದಿಗೇ ವಾರ್ಡಿಗೆ ಹೋಗುತ್ತಾರೆ. ತಾಯಿ ಅತ್ತು, ಕೊನೆಗೆ ಮಾತ್ರೆಗೆ ಒಪ್ಪುತ್ತಾಳೆ.

ಅಕ್ಕನ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಏನಾದರೂ ಆಸೆ ಉಳಿದಿದೆಯೇ ಎಂದರೆ ಕೈಗವಸು ಕಳಚುತ್ತಾ ಹೇಳುತ್ತಾರೆ: “ಇವಳು ಕೊನೇ ಮಾತ್ರೆ ನುಂಗೋ ದಿನ ನಾನಿಲ್ಲಿ ಇರಲ್ಲ. ಅವತ್ತು ಇವಳ ತೂಕ ಎಷ್ಟಿತ್ತು ಅಂತ ಯಾರಾದ್ರೂ ಫೋನ್ ಮಾಡಿ ಹೇಳಿದ್ರೆ ಸಾಕು.”