ನಾಲ್ಕು ಬೆರಳಿನ ಅಂಚು

ಕಳೆದ ತಿಂಗಳು ಕದ್ರಿಯ ಒಬ್ಬರು ಅಮ್ಮ ತಮ್ಮ ಅತ್ತೆ-ಮಾವನ ಫೋಟೊವನ್ನು ನನ್ನ ಅಂಗಡಿಗೆ ತಂದರು. ಗಾಜಿನೊಳಗೆ ತೇವ ಹೊಕ್ಕು ಮಾವನವರ ಪೇಟ ಅರ್ಧ ಮಾಸಿತ್ತು. ಹಳೆಯ ಕಟ್ಟು ಬಿಚ್ಚಿ ಹೊಸದು ಹಾಕಬೇಕು. ಇಕ್ಕಳದಲ್ಲಿ ಮೊಳೆ ಕಿತ್ತು ಹಿಂದಿನ ಹಾರ್ಡ್‌ಬೋರ್ಡ್ ಎತ್ತಿದೆ. ಮುಗ್ಗಲು ವಾಸನೆಯ ಜೊತೆಗೆ ಒಂದು ಕಾಗದದ ಪಟ್ಟಿ ಮೇಜಿನ ಮೇಲೆ ಬಿತ್ತು. ನಾಲ್ಕು ಬೆರಳು ಅಗಲ, ಒಂದು ಮೊಳ ಉದ್ದ. ಅದರ ತುಂಬ ಹಸಿರು ಗೆರೆಗಳು, ಒಂದರಂತೆ ಇನ್ನೊಂದಿಲ್ಲ. ಪ್ರತಿ ಗೆರೆಯ ಬದಿಗೆ ಪೆನ್ಸಿಲಿನಲ್ಲಿ ಒಂದೊಂದು ಮಾತು. ‘ಬೆಳಿಗ್ಗೆ.’ ‘ಮಳೆ ಬಿಟ್ಟ ಮೇಲೆ.’ ‘ಹೆಚ್ಚಾಯಿತು.’

“ಅದೆಂತದು?” ಎಂದು ಅಮ್ಮ ಕೇಳಿದರು.

“ಎಂತದ್ದೂ ಇಲ್ಲ ಅಮ್ಮ, ರದ್ದಿ” ಎಂದೆ. ಫೋಟೊ ಗಾಜಿಗೆ ಒತ್ತಿ ನಿಲ್ಲಲೆಂದು ಹಿಂದೆ ರದ್ದಿ ಕಾಗದ ತುರುಕುವುದು ನಮ್ಮ ಕಸುಬಿನ ಪದ್ಧತಿ. ಆರೇಳು ವರ್ಷದ ಹಿಂದೆ ಹಾಗೆ ತುರುಕಿದವನು ನಾನೇ. ಆ ಪಟ್ಟಿಯನ್ನು ಒಂದು ಚಿತ್ರದಿಂದ ಕತ್ತರಿಸಿ ತೆಗೆದವನೂ ನಾನೇ. ಅಮ್ಮ ಹೋದ ಮೇಲೆ ಶಟರ್ ಅರ್ಧ ಎಳೆದು ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡೆ. ಆ ಚಿತ್ರ ಕಾಕ ಬರೆದದ್ದು.

ಕಂಕನಾಡಿಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೊ, ಮಕ್ಕಳ ಸರ್ಟಿಫಿಕೇಟು, ಹತ್ತಿರದ ಆಸ್ಪತ್ರೆಗಳಲ್ಲಿ ತೀರಿಕೊಂಡವರ ದೊಡ್ಡ ಫೋಟೊ... ಎಲ್ಲವೂ ನನ್ನ ಕೈ ದಾಟಿ ಹೋಗುತ್ತವೆ. ನನ್ನಷ್ಟು ನೇರವಾಗಿ ಕಾಗದ ಕತ್ತರಿಸುವವರು ಈ ಬೀದಿಯಲ್ಲಿ ಇಲ್ಲವೆಂದು ನನಗೆ ಒಂದು ಜಂಬವಿತ್ತು. ಇತ್ತು ಎಂದೇ ಹೇಳಬೇಕು.

ಕಾಕ ಮೊದಲು ಬಂದದ್ದು ಹಾರ್ಡ್‌ಬೋರ್ಡಿನ ತುಂಡು ಕೇಳಿಕೊಂಡು. ಐವತ್ತೈದು ದಾಟಿದ ಬ್ಯಾರಿ ಮುಸ್ಲಿಮರು, ನನಗೆ ಕಾಕ ಎಂದೇ ಕರೆದು ರೂಢಿ. ಸಣಕಲು ಮೈ, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಕಾಟಿಪಳ್ಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಲ್ಫಿನಲ್ಲಿ ಹದಿನೆಂಟು ವರ್ಷ ಎಣ್ಣೆಯ ಪೈಪುಗಳಿಗೆ ಪೈಂಟ್ ಹೊಡೆದು ಊರಿಗೆ ಮರಳಿದವರು.

“ಹದಿನೆಂಟು ವರ್ಷ ಒಂದೇ ಬಣ್ಣ ಮಾರಾಯ್ರೆ, ಬೆಳ್ಳಿ. ಉಗುರಿನ ಒಳಗೂ ಅದೇ, ಕನಸಲ್ಲಿಯೂ ಅದೇ” ಎಂದು ನಗುತ್ತಿದ್ದರು.

ಮರಳಿ ಬಂದ ಮೊದಲ ಮಳೆಗಾಲದಲ್ಲಿ ಮನೆಯ ಕಂಪೌಂಡ್ ಗೋಡೆಯ ಪಾಚಿ ನೋಡುತ್ತ ನಿಂತರಂತೆ. ಹೆಂಡತಿ ಚಹಾ ಆರಿತೆಂದು ಮೂರು ಸಲ ಕರೆದರೂ ಕೇಳಿಸಲಿಲ್ಲವಂತೆ. ಭಾವಂದಿರು ಪಾಲಿಗೆ ಸೇರಿಸಿಕೊಂಡು ಅಂಗಡಿ ಹಾಕಿಕೊಡಲು ಸಿದ್ಧರಿದ್ದರು. ಇವರು ಮಕ್ಕಳ ಬಣ್ಣದ ಪೆಟ್ಟಿಗೆ ತಂದು ಆ ಗೋಡೆಯ ಚಿತ್ರ ಬರೆಯಲು ಕೂತರು. ಆಮೇಲೆ ಬರೆದದ್ದೆಲ್ಲ ಗೋಡೆಗಳೇ. ಪಾಚಿ ಹಿಡಿದದ್ದು, ಸುಣ್ಣ ಉದುರಿದ್ದು, ಕೆಂಪುಕಲ್ಲು ಹೊರಗೆ ಕಾಣುವಂಥದ್ದು.

ನಾನು ಬಾಯಿ ಸುಮ್ಮನಿಡುವವನಲ್ಲ. “ಗೋಡೆಯಲ್ಲಿ ತೂಗುಹಾಕ್ಲಿಕ್ಕೆ ಗೋಡೆಯದ್ದೇ ಚಿತ್ರವಾ ಕಾಕ?” ಎಂದು ಕೇಳಿದೆ. ಕಾಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹೌದಲ್ಲ, ನನಗೆ ಹೊಳೆದೇ ಇರ್ಲಿಲ್ಲ” ಎಂದರು. ಗೋಡೆಯೇ ಯಾಕೆ ಎಂದದ್ದಕ್ಕೆ, “ಅದು ಅಲ್ಲಾಡುವುದಿಲ್ಲ. ನಾನು ಸ್ವಲ್ಪ ನಿಧಾನ” ಎಂದರು.

ಎಷ್ಟು ನಿಧಾನವೆಂದು ಒಂದು ಭಾನುವಾರ ಗೊತ್ತಾಯಿತು. ಕದ್ರಿಯ ಏರಿನಲ್ಲಿ ಒಂದು ಗೋಡೆ ಉಂಟು, ಬನ್ನಿ ಎಂದು ಕರೆದುಕೊಂಡು ಹೋದರು. ಹೋಗಿ ನಿಂತರು, ಅಷ್ಟೇ. ಒಂದು ಗಂಟೆ ಹೊತ್ತು. ನಡುವೆ ಒಮ್ಮೆ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿಕೊಂಡರು. ನನಗೆ ಬೆವರು, ಸೊಳ್ಳೆ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಆಯಿತಲ್ಲ ಎಂದೆ. “ಆಗ ನಾನು ನೋಡಿದ ಹಾಗೆ ಆಗುವುದಿಲ್ಲ. ಫೋನ್ ನೋಡಿದ ಹಾಗೆ” ಎಂದರು. ಅಷ್ಟರಲ್ಲಿ ಮನೆಯ ಯಜಮಾನರು ಗೇಟಿಗೆ ಬಂದು ಯಾರು ಬೇಕಿತ್ತು ಎಂದು ವಿಚಾರಿಸಿದರು. “ಯಾರೂ ಬೇಡ, ನಿಮ್ಮ ಗೋಡೆ ಬಹಳ ಚಂದ ಉಂಟು” ಎಂದರು ಕಾಕ. ಯಜಮಾನರ ಮುಖ ಸಪ್ಪಗಾಯಿತು. “ಈ ವರ್ಷ ಪೈಂಟ್ ಹೊಡೆಸ್ತೇವೆ, ಜನ ಸಿಗಬೇಕಲ್ಲ” ಎಂದು ಒಳಗೆ ಹೋದರು. ಬಸ್ ಸ್ಟಾಪಿನವರೆಗೂ ಕಾಕನಿಗೆ ಅದೇ ಸಂಕಟ. ಛೆ, ನಾನು ಬಾಯಿ ಬಿಡಬಾರದಿತ್ತು, ಈಗ ಅವರು ಬಳಿದುಬಿಡುತ್ತಾರೆ ಎಂದು ಹೇಳಿಕೊಳ್ಳುತ್ತಲೇ ಇದ್ದರು.

ಅವರ ಕಾಗದಗಳಲ್ಲಿ ಚಿತ್ರ ನಡುವಿಗಿರುತ್ತಿತ್ತು. ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಅಲ್ಲಿ ಬಣ್ಣದ ಗೆರೆಗಳನ್ನು ಎಳೆದಿರುತ್ತಿದ್ದರು. ಕುಂಚ ಒರೆಸುವ ಜಾಗವೆಂದು ನಾನು ತಿಳಿದಿದ್ದೆ, ಬದಿಯ ಪೆನ್ಸಿಲಿನ ಅಕ್ಷರ ಓದಲು ಹೋಗಿರಲಿಲ್ಲ. ಕೇಳಿರಲಿಲ್ಲ. ಕೇಳುವಂಥದ್ದು ಏನಿದೆ ಅದರಲ್ಲಿ ಎಂದು...

ಒಂದು ವರ್ಷ ಕದ್ರಿಯ ಸಣ್ಣ ಸಭಾಂಗಣವೊಂದರಲ್ಲಿ ಅವರ ಹತ್ತು ಚಿತ್ರಗಳನ್ನು ಮೂರು ದಿನ ಇಡಲು ಅಲ್ಲಿಯವರು ಒಪ್ಪಿದರು. ಕಾಕನ ಬದುಕಿನ ಮೊದಲ ಪ್ರದರ್ಶನ. ಹತ್ತನ್ನೂ ನನ್ನ ಮೇಜಿನ ಮೇಲಿಟ್ಟು, “ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡಿ” ಎಂದು ಹೋದರು. ನನಗೂ ಹುಮ್ಮಸ್ಸು. ಒಳ್ಳೆಯ ಗಾಜು, ತೆಳ್ಳನೆಯ ಕಪ್ಪು ಪಟ್ಟಿ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಸಾಲು ಚಂದ ಕಾಣುತ್ತದೆಂದು, ಸ್ಕೇಲ್ ಇಟ್ಟು ಬ್ಲೇಡ್ ಎಳೆದು, ಹತ್ತು ಚಿತ್ರಗಳ ನಾಲ್ಕೂ ಅಂಚು ಕತ್ತರಿಸಿದೆ. ಕೂದಲಿನಷ್ಟೂ ಓರೆಯಾಗಲಿಲ್ಲ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಮಂಗ ಇನ್ನೇನು ಮಾಡುತ್ತದೆ?

ಪ್ರದರ್ಶನದ ಹಿಂದಿನ ದಿನ ಕಾಕ ಬಂದರು. ಹತ್ತನ್ನೂ ಗೋಡೆಗೆ ಒರಗಿಸಿ ಇಟ್ಟಿದ್ದೆ. ಹೊಗಳಿಕೆಗೆ ಕಾದು ನಿಂತೆ. ಅವರು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ನೋಡಿದರು. ಕೊನೆಗೆ ಒಂದರ ಗಾಜಿನ ಅಂಚಿಗೆ ಬೆರಳಿಟ್ಟು, “ಇಲ್ಲಿದ್ದದ್ದು?” ಎಂದು ಕೇಳಿದರು.

“ಕತ್ತರಿಸಿದೆ ಕಾಕ. ಈಗ ನೋಡಿ, ಎಷ್ಟು ನೀಟ್ ಉಂಟು.”

“ಆ ತುಂಡುಗಳು ಉಂಟಾ?”

ಇರಲಿಲ್ಲ. ಕೆಲವು ಆಗಲೇ ಯಾರ್ಯಾರದೋ ಫೋಟೊಗಳ ಹಿಂದೆ ಸೇರಿದ್ದವು, ಉಳಿದದ್ದು ಕಸದ ಗಾಡಿಗೆ ಹೋಗಿತ್ತು. ಕಾಕ ಏಳುವಾಗ ಮೇಜು ಹಿಡಿದುಕೊಂಡು ಎದ್ದರು. “ಪರವಾಗಿಲ್ಲ ಮಾರಾಯ್ರೆ. ನಾನು ಮೊದಲೇ ಹೇಳಬೇಕಿತ್ತು. ಚಂದ ಆಗಿದೆ” ಎಂದರು. ನಾನು ಅದನ್ನೇ ನಂಬಿ ಚಹಾ ತರಿಸಿದೆ.

ಮರುದಿನ ಸಭಾಂಗಣದಲ್ಲಿ ಬಂದವರಿಗೆಲ್ಲ ಕಾಕ ನನ್ನನ್ನೇ ತೋರಿಸುತ್ತಿದ್ದರು, ಕಟ್ಟು ಹಾಕಿದವರು ಇವರು ಎಂದು. ಕಾಲೇಜಿನ ಚಿತ್ರಕಲೆಯ ಟೀಚರೊಬ್ಬರು ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಈ ಹಸಿರು ಹೇಗೆ ಬಂತು ಎಂದು ಕೇಳಿದರು. ಕಾಕನ ಮುಖ ಅರಳಿತು. “ಅದು ಒಂದೇ ಸಲಕ್ಕೆ ಬರುವುದಿಲ್ಲ ಮೇಡಂ. ಮೊದಲು ಬದಿಯಲ್ಲಿ ಹಾಕಿ ನೋಡ್ತೇನೆ. ಹಸಿ ಬಣ್ಣ ಸುಳ್ಳು ಹೇಳ್ತದೆ, ಒಣಗಿದ ಮೇಲೆಯೇ ನಿಜ. ನಮ್ಮ ಮಳೆಗಾಲದಲ್ಲಿ ಒಣಗ್ಲಿಕ್ಕೆ ಒಂದು ದಿನ ಬೇಕು. ಸರಿಯಾದರೆ ನಡುವಿಗೆ ಹೋಗ್ತದೆ, ಇಲ್ಲದಿದ್ದರೆ ಇನ್ನೊಂದು. ಹೀಗೆ ಒಂದು ಚಿತ್ರಕ್ಕೆ ಎರಡು ತಿಂಗಳು. ಯಾವುದಕ್ಕೆ ಎಂತ ಸೇರಿಸಿದೆ ಅಂತ ಎಲ್ಲ ಅಲ್ಲಿಯೇ ಬರೆದಿಟ್ಟಿದ್ದೆ...”

ಅಷ್ಟು ಹೇಳುವಾಗ ಪಕ್ಕದಲ್ಲಿದ್ದ ನನ್ನನ್ನು ನೋಡಿದರು. “ಈಗ ಸರಿಯಾಗಿ ನೆನಪಿಲ್ಲ ಮೇಡಂ, ವಯಸ್ಸಾಯ್ತಲ್ಲ” ಎಂದು ನಕ್ಕರು.

ಆಗ ನನಗೆ ತಿಳಿಯಿತು. ಅಷ್ಟು ವರ್ಷ ಗೋಡೆಗಳ ಮುಂದೆ ನಿಂತು ಕಲಿತದ್ದನ್ನೆಲ್ಲ ಅವರು ಇಟ್ಟುಕೊಂಡದ್ದು ಆ ಅಂಚುಗಳಲ್ಲಿ. ನಾನು ಒಂದು ಮಧ್ಯಾಹ್ನದಲ್ಲಿ ಅದನ್ನು ರದ್ದಿ ಮಾಡಿದ್ದೆ. ಬೈದಿದ್ದರೆ ತಿರುಗಿ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. ಅವರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದರು.

ಪ್ರದರ್ಶನ ಮುಗಿದ ಮೇಲೆ ಅಂಗಡಿಯ ಮೂಲೆ ಮೂಲೆ ಜಾಲಾಡಿದಾಗ ಎರಡು ಪಟ್ಟಿ ಸಿಕ್ಕವು. ತೆಗೆದುಕೊಂಡು ಕಾಟಿಪಳ್ಳಕ್ಕೆ ಹೋದೆ. ಕಾಕ ಮನೆಯ ಮುಂದಿನ ಚಾವಡಿಯಲ್ಲಿ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದರು. ಮೇಜಿನ ಮೇಲಿನ ಕಾಗದದಲ್ಲಿ ಅಂಚೇ ಇರಲಿಲ್ಲ. ಬಣ್ಣ ತುದಿಯವರೆಗೂ ಇತ್ತು.

“ಬನ್ನಿ ಬನ್ನಿ. ನಿಮ್ಮ ಫ್ರೇಮಿನ ಅಳತೆಗೇ ಕಾಗದ ಕತ್ತರಿಸಿಕೊಂಡಿದ್ದೇನೆ. ಇನ್ನು ನಿಮಗೆ ತೊಂದರೆ ಇಲ್ಲ” ಎಂದರು.

“ಹಾಗಾದ್ರೆ ಬಣ್ಣ ಎಲ್ಲಿ ಹಾಕಿ ನೋಡ್ತೀರಿ?”

ಎಡಗೈ ಚಾಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಗೆರೆಗಳು. “ನಮಾಜಿಗೆ ಕೈ ತೊಳೆಯುವಾಗ ಹೋಗ್ತದೆ. ಕ್ಲೀನ್” ಎಂದರು. ಒಳಗಿನಿಂದ ಅವರ ಹೆಂಡತಿ, “ಕೈ ಹೋಗ್ಲಿ ಅಣ್ಣ, ಅಂಗಿಯ ತೋಳು ನೋಡಿ” ಎಂದು ದೂರಿದರು.

ಮೇಜಿನ ಮೇಲಿದ್ದ ಚಿತ್ರ ನೋಡಿದೆ. ನನಗೆ ಚಿತ್ರಕಲೆ ಗೊತ್ತಿಲ್ಲ. ಆದರೂ ಅದು ಗೋಡೆಯಾಗಿರಲಿಲ್ಲ, ಹಸಿರು ಬಳಿದ ಕಾಗದವಾಗಿತ್ತು. ಕಾಕನಿಗೂ ಅದು ಗೊತ್ತಿತ್ತೆಂದು ಅವರು ಚಿತ್ರದ ಕಡೆ ನೋಡದೆ ಮಾತಾಡುವುದರಲ್ಲೇ ತಿಳಿಯುತ್ತಿತ್ತು. ನನ್ನ ಬ್ಲೇಡಿಗೆ ಸುಲಭವಾಗಲೆಂದು ಈ ಮನುಷ್ಯ ತನ್ನ ಕೆಲಸದ ಕ್ರಮವನ್ನೇ ಬಿಟ್ಟುಕೊಟ್ಟಿದ್ದರು.

ತಪ್ಪಾಯಿತು ಎನ್ನಲು ಹೋದೆ. ಬಂದದ್ದು ಸಿಟ್ಟು. “ನಿಮಗೆ ಬುದ್ಧಿ ಉಂಟಾ ಕಾಕ? ಚಿತ್ರಕ್ಕೆ ಫ್ರೇಮಾ, ಫ್ರೇಮಿಗೆ ಚಿತ್ರವಾ? ನೀವು ಚಾಪೆಯಷ್ಟು ಅಂಚು ಬಿಡಿ. ನಾನು ಬಾಗಿಲಿನಷ್ಟು ಕಟ್ಟು ಹಾಕ್ತೇನೆ. ಮೊದಲಿನ ಹಾಗೆ ಬರೀರಿ” ಎಂದು ರೇಗಿದೆ. ಕಾಕ ನಾನು ಕೊಟ್ಟ ಎರಡು ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಕಳೆದುಹೋದ ಕಾಗದಪತ್ರ ಸಿಕ್ಕವರ ಹಾಗೆ. “ನೋಡುವ” ಎಂದಷ್ಟೇ ಹೇಳಿದರು. ನಮ್ಮ ಕಡೆ ‘ನೋಡುವ’ ಎಂದರೆ ಆಗಲೂಬಹುದು, ಆಗದೆಯೂ ಇರಬಹುದು.

ಆಮೇಲೆ ಅವರು ಕಂಕನಾಡಿಗೆ ಬರುತ್ತಿದ್ದುದು ಆಸ್ಪತ್ರೆಯ ಫೈಲು ಹಿಡಿದುಕೊಂಡು. ನನ್ನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಕೂತು ಹೋಗುತ್ತಿದ್ದರು. ಹೊಸ ಚಿತ್ರ ತರಲಿಲ್ಲ. ಬರೆಯುತ್ತಿದ್ದೀರಾ, ಅಂಚು ಬಿಡುತ್ತಿದ್ದೀರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಇಲ್ಲ ಎಂದುಬಿಟ್ಟರೆ? ರಕ್ತ ಪರೀಕ್ಷೆ, ಬಸ್ಸಿನ ರಶ್ಶು, ಮೀನಿನ ರೇಟು... ಬೇರೆ ಎಲ್ಲ ಮಾತಾಡಿದೆವು. ಒಂದು ಮಳೆಗಾಲದ ಮೊದಲ ವಾರ ಅವರು ಹೋದರು. ಸುದ್ದಿ ನನಗೆ ಮುಟ್ಟುವಾಗ ದಫನ್ ಆಗಿ ಮಣ್ಣು ಮುಚ್ಚಿಯಾಗಿತ್ತು. ನಾಲ್ಕು ವರ್ಷ ಆ ಮನೆಯ ಕಡೆ ಹೋಗಲು ಕಾಲು ಏಳಲಿಲ್ಲ.

ಈಗ ಈ ಪಟ್ಟಿ ಸಿಕ್ಕ ಮೇಲೆ ಹೋಗದೆ ಉಪಾಯವಿರಲಿಲ್ಲ. ಮರುದಿನವೇ ಕಾಟಿಪಳ್ಳದ ಬಸ್ಸು ಹತ್ತಿದೆ. ಕಾಕನ ಹೆಂಡತಿಗೆ ಪಟ್ಟಿ ಕೊಟ್ಟು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಕಾಕನಿಗೆ ಹೇಳಬೇಕಾಗಿದ್ದ ‘ತಪ್ಪಾಯಿತು’ ಎಂಬ ಮಾತನ್ನು ಇವರಿಗೆ ಹೇಳಿದೆ. ಕಾಕ ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ. ಆಕೆ ಒಳಗಿನಿಂದ ಸುರುಳಿ ಸುತ್ತಿದ ಕಾಗದವೊಂದನ್ನು ತಂದರು.

“ಇದು ಅವರು ಕೊನೆಗೆ ಹಿಡಿದದ್ದು ಅಣ್ಣ. ನಡುವಿನಲ್ಲಿ ಎಂತದ್ದೂ ಇಲ್ಲ. ಕತ್ತರಿಸಿ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?”

ಬಿಡಿಸಿದೆ. ದೊಡ್ಡ ಕಾಗದ, ನನ್ನ ಅಂಗಡಿಯ ಯಾವ ಅಳತೆಗೂ ಹೊಂದದ್ದು. ನಾಲ್ಕೂ ಕಡೆ ನಾಲ್ಕು ಬೆರಳಲ್ಲ, ಒಂದು ಗೇಣಿನಷ್ಟು ಅಂಚು. ಅದರ ತುಂಬ ಹಸಿರು, ಇಟ್ಟಿಗೆ ಕೆಂಪು, ಸುಣ್ಣದ ಬಿಳಿ, ನೂರಕ್ಕೂ ಮೇಲೆ ಗೆರೆಗಳು. ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ, ಕೊನೆಕೊನೆಗೆ ನಡುಗಿದ ಕೈಯದ್ದು. ಒಂದು ಗೆರೆಯ ಬದಿಗೆ ‘ಇದು ಸರಿ’ ಎಂದು ಬರೆದಿದ್ದರು. ನಡುವೆ ಚಿತ್ರ ಬರಬೇಕಾದ ಜಾಗ ಖಾಲಿ ಇತ್ತು, ಪೂರ್ತಿ ಬಿಳಿ.

“ಇದರಲ್ಲಿ ಕತ್ತರಿಸ್ಲಿಕ್ಕೆ ಎಂತದ್ದೂ ಇಲ್ಲ ಅಕ್ಕ” ಎಂದೆ.

ಅದಕ್ಕೆ ಬೇಕಾದ ಗಾಜು ತರಿಸಲು ಒಂದು ವಾರ ಹಿಡಿಯಿತು. ಬ್ಲೇಡ್ ಮುಟ್ಟದೆ, ಕಾಗದದ ಅಳತೆಗೆ ಕಟ್ಟು ಮಾಡಿ, ನಾನೇ ಆಟೋದಲ್ಲಿ ಹಿಡಿದುಕೊಂಡು ಹೋಗಿ ಅವರ ಚಾವಡಿಯಲ್ಲಿ ತೂಗುಹಾಕಿ ಬಂದೆ. ಬಂದವರು ಚಿತ್ರ ಎಲ್ಲಿದೆ ಎಂದು ಕೇಳುತ್ತಾರಂತೆ. ಬಣ್ಣಗಳೆಲ್ಲ ಒಣಗಿ ಸಿದ್ಧವಾಗಿದ್ದವು. ನಡುವಿನ ಗೋಡೆ ಬರೆಯಲು ಕಾಕ ಇನ್ನೂ ಎರಡು ತಿಂಗಳು ಇರಬೇಕಿತ್ತು.